ಡಾಲ್ಡಾ ಡಬ್ಬಿಯ ಬಿಳಿ ಪುಡಿ

ನನ್ನ ತವರುಮನೆ ಹಳಿಯಾಳ ತಾಲೂಕಿನ ಒಂದು ಹಳ್ಳಿಯಲ್ಲಿ. ಆ ಮನೆಯ ಅಡುಗೆ ಕೋಣೆಯ ಹಲಗೆಯ ಮೇಲೆ ಒಂದು ಹಳದಿ ಡಾಲ್ಡಾ ಡಬ್ಬಿ ಇರುತ್ತಿತ್ತು. ಅದರಲ್ಲಿ ಡಾಲ್ಡಾ ಇದ್ದದ್ದನ್ನು ನಾನು ನೋಡಿಯೇ ಇಲ್ಲ. ನನಗೆ ತಿಳುವಳಿಕೆ ಬಂದಾಗಿನಿಂದ ಅದರಲ್ಲಿದ್ದದ್ದು ಬಿಳಿ ಪುಡಿ. ಹಾಸಿಗೆಯಲ್ಲಿ ತಿಗಣೆಯಾದರೆ ಆ ಪುಡಿ, ನಮ್ಮ ತಲೆಯಲ್ಲಿ ಹೇನಾದರೆ ಆ ಪುಡಿ, ಜೋಳದ ಚೀಲಕ್ಕೆ ನುಸಿ ಹತ್ತಿದರೂ ಚೀಲದ ಬಾಯಿಗೆ ಒಂದು ಚಿಟಿಕೆ ಅದೇ ಪುಡಿ. ಅಜ್ಜಿ ಅದನ್ನು 'ಸರಕಾರದ ಪುಡಿ' ಎನ್ನುತ್ತಿದ್ದಳು. ಹೇಳುವಾಗ ಅವಳ ದನಿಯಲ್ಲಿ ದೇವರ ಅಂಗಾರಕ್ಕೆ ತೋರಿಸುವಷ್ಟೇ ಭಕ್ತಿ ಇರುತ್ತಿತ್ತು.

ಆ ಭಕ್ತಿಗೆ ಕಾರಣವಿತ್ತು. ಅಜ್ಜಿ ಹಡೆದದ್ದು ಏಳು, ಉಳಿದದ್ದು ಮೂರು. ಹೋದ ನಾಲ್ಕರಲ್ಲಿ ಮೂರನ್ನು ಒಯ್ದದ್ದು ಚಳಿಜ್ವರ. ಹಳಿಯಾಳ, ಮುಂಡಗೋಡ, ಆಗ ಸೂಪಾ ಎನಿಸಿಕೊಳ್ಳುತ್ತಿದ್ದ ಇಂದಿನ ಜೋಯಿಡಾ, ಈ ಸೀಮೆಯೆಲ್ಲ ಮಲೇರಿಯಾದ ತವರು. ಹೆಣ್ಣು ಕೊಡುವವರು 'ಅಲ್ಲಿನ ನೀರು ಒಗ್ಗೋದಿಲ್ಲ' ಎಂದು ಹಿಂದೆ ಸರಿಯುತ್ತಿದ್ದರಂತೆ. ನೀರಿನ ತಪ್ಪಲ್ಲ, ಸೊಳ್ಳೆಯ ತಪ್ಪು. ಆದರೆ ಅದು ಜನಕ್ಕೆ ಗೊತ್ತಿರಲಿಲ್ಲ. ಹೊಟ್ಟೆಯ ಎಡಗಡೆ ಜ್ವರಗಡ್ಡೆ ಬೆಳೆದ, ಕೈಕಾಲು ಕಡ್ಡಿಯಂಥ ಮಕ್ಕಳು ಮನೆಮನೆಯಲ್ಲೂ ಇದ್ದರು.

ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1946ರಲ್ಲಿ ಆ ಪ್ರಾಂತದ ಮಲೇರಿಯಾ ತಜ್ಞ ಡಾ. ಡಿ. ಕೆ. ವಿಶ್ವನಾಥನ್ ಅವರು ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗಿನ ಗೋಡೆಗಳಿಗೆ ಡಿ.ಡಿ.ಟಿ. ಹೊಡೆಯುವ ಪ್ರಯೋಗ ಶುರು ಮಾಡಿದರು. ರಕ್ತ ಹೀರಿದ ಸೊಳ್ಳೆ ಭಾರವಾಗಿ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಗೋಡೆಗೆ ಹೊಡೆದ ಡಿ.ಡಿ.ಟಿ. ತಿಂಗಳುಗಟ್ಟಲೆ ಉಳಿಯುತ್ತದೆ. ಕೂತ ಸೊಳ್ಳೆ ಸಾಯುತ್ತದೆ. ಇಷ್ಟೇ ಅದರ ಗುಟ್ಟು. ಪ್ರಯೋಗ ಗೆದ್ದಿತು. 1953ರಲ್ಲಿ ಇಡೀ ದೇಶಕ್ಕೆ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದಾಗ ಅದೇ ವಿಧಾನ ದೇಶದ ಮನೆಗಳಿಗೆಲ್ಲ ಹೋಯಿತು. 1947ರಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಜ್ವರ, ಎಂಟು ಲಕ್ಷ ಸಾವು ಎಂಬ ಅಂದಾಜಿತ್ತು. 1965ರ ಹೊತ್ತಿಗೆ ರೋಗಿಗಳ ಲೆಕ್ಕ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಆ ಪುಡಿಗೆ ಅಜ್ಜಿ ಕೈ ಮುಗಿದದ್ದರಲ್ಲಿ ತಪ್ಪೇನಿದೆ ಹೇಳಿ?

ಹೊಡೆಯುವವರು ಬರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಬಕೆಟ್ಟು, ಕೈಪಂಪು, ಖಾಕಿ ಚಡ್ಡಿ. ಪಾತ್ರೆ ಪಗಡ, ಕಾಳುಕಡಿ, ತೊಟ್ಟಿಲು ಎಲ್ಲವನ್ನೂ ಅಂಗಳಕ್ಕೆ ತರಿಸುತ್ತಿದ್ದರು. ಹೊಡೆದಾದ ಮೇಲೆ ಬಾಗಿಲ ಪಕ್ಕ ತಾರೀಖು ಬರೆದು, "ಆರು ತಿಂಗಳು ಗೋಡೆ ಸಾರಿಸಬ್ಯಾಡ್ರಿ, ಔಷಧ ಮುಚ್ಚಿ ಹೋಗ್ತದ" ಎಂದು ಹೇಳಿ ಹೋಗುತ್ತಿದ್ದರು. "ಗ್ವಾಡಿ ಸಾರಸದ ದೀಪಾವಳಿ ಹ್ಯಾಂಗ ಮಾಡೋದೋ ತಮ್ಮಾ?" ಎಂದು ಅಜ್ಜಿ ಅವರನ್ನೇ ಕೇಳುತ್ತಿದ್ದಳು. ಅವರು ಅತ್ತ ಹೋದ ಕೂಡಲೆ, ನೀರಿಗೆ ಕಲಸುವಾಗ ಅಂಗಳದಲ್ಲಿ ಚೆಲ್ಲಿದ ಪುಡಿಯನ್ನು ಮೊರಕ್ಕೆ ಬಳಿದು ಡಬ್ಬಿ ತುಂಬುತ್ತಿದ್ದಳು. ಗೋಡೆಯ ಮದ್ದು ಹೀಗೆ ನಮ್ಮ ಅಡುಗೆಮನೆ ಸೇರಿತು.

ತಲೆಗೆ ಹಾಕಿದ್ದಕ್ಕೆ ಅಜ್ಜಿಯೊಬ್ಬಳನ್ನೇ ನಗುವಂತಿಲ್ಲ. 1943–44ರ ಚಳಿಗಾಲದಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರ ತಡೆಯಲು ಸೈನ್ಯದವರು ಲಕ್ಷಾಂತರ ಜನರ ಬಟ್ಟೆಯೊಳಗೆ ಇದೇ ಪುಡಿ ಊದಿದ್ದರು. ಡಿ.ಡಿ.ಟಿ. ಕೀಟಗಳನ್ನು ಕೊಲ್ಲುತ್ತದೆಂದು 1939ರಲ್ಲಿ ಕಂಡುಹಿಡಿದ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಬಹುಮಾನವೂ ಬಂತು. ಜಗತ್ತೇ ಮಾರುಹೋದ ಪುಡಿಗೆ ಹಳಿಯಾಳದ ಮುದುಕಿ ಮಾರುಹೋಗದೆ ಇರುತ್ತಾಳೆಯೇ? ಅದು ಸುಲಭವಾಗಿ ಕರಗಿ ಹೋಗುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ದೇಹದ ಕೊಬ್ಬಿನಲ್ಲಿ ಕೂಡಿಕೊಂಡು ತಾಯಿಯ ಎದೆಹಾಲಿಗೂ ಇಳಿಯುತ್ತದೆ ಎಂಬುದು ಆಮೇಲೆ ತಿಳಿದ ಮಾತು. 1962ರಲ್ಲಿ ರೇಚಲ್ ಕಾರ್ಸನ್ ಎಂಬ ಹೆಣ್ಣುಮಗಳು ಇಂಥ ವಿಷಗಳ ಬಗ್ಗೆ ಪುಸ್ತಕ ಬರೆದು ಅಮೆರಿಕವನ್ನು ಎಚ್ಚರಿಸಿದಳು. ನಮ್ಮಲ್ಲಿ ಹೊಲಗದ್ದೆಗೆ ಡಿ.ಡಿ.ಟಿ. ಬಳಸಬಾರದೆಂದು ಆದೇಶವಾದದ್ದು 1989ರಲ್ಲಿ.

ವಿಷ ಅಡುಗೆಯ ಹತ್ತಿರ ಬಂದರೆ ಏನಾಗುತ್ತದೆ ಎಂಬುದಕ್ಕೆ ಪುಸ್ತಕವೇನೂ ಬೇಕಾಗಿರಲಿಲ್ಲ. 1958ರಲ್ಲಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಊಟ ಮಾಡಿಯೇ ಸತ್ತರು. ಹಡಗಿನಲ್ಲಿ ಗೋಧಿ ಹಿಟ್ಟಿನ ಜೊತೆಗೇ ತಂದ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಹಿಟ್ಟಿಗೆ ಬೆರೆತಿತ್ತು. ಆ ದುರಂತದ ತನಿಖೆಯ ನಂತರವೇ ದೇಶಕ್ಕೆ 1968ರ ಕೀಟನಾಶಕ ಕಾಯಿದೆ ಬಂತು. ಡಬ್ಬಿಯ ಮೇಲೆ ಹೆಸರಿರಬೇಕು, ವಿಷದ ಗುರುತಿರಬೇಕು, ಆಹಾರದ ಜೊತೆ ಇಡಬಾರದು ಎಂದೆಲ್ಲ ಕಟ್ಟಳೆಗಳಾದವು. ಆದರೆ ಕಾಯಿದೆ ಅಂಗಡಿಯವರೆಗೆ ಬರುತ್ತದೆ. ನಮ್ಮ ಹಲಗೆಯ ಮೇಲಿನ ಡಬ್ಬಿಯನ್ನು ನೋಡುವವರು ಯಾರು?

1976. ನಾನು ಮದುವೆಯಾಗಿ ದಾಂಡೇಲಿಗೆ ಬಂದು ಏಳೆಂಟು ವರ್ಷವಾಗಿತ್ತು. ಸೊಳ್ಳೆಗಳು ಡಿ.ಡಿ.ಟಿ.ಗೆ ಜಗ್ಗದಂತಾಗಿ, ಆ ಒಂದೇ ವರ್ಷ ದೇಶದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಮಲೇರಿಯಾ ಬಂದಿತ್ತು. ಅಜ್ಜಿ ತೀರಿಕೊಂಡಿದ್ದಳು, ಡಬ್ಬಿ ಮಾತ್ರ ಇತ್ತು. ಅಣ್ಣ ಭತ್ತದ ಹುಳಕ್ಕೆಂದು ತಂದ ಗಮೆಕ್ಸಿನ್ ಪುಡಿಯಲ್ಲಿ ಉಳಿದದ್ದನ್ನು ಅದರಲ್ಲೇ ಸುರುವಿದ್ದ. ಮೇ ತಿಂಗಳ ರಜೆಗೆ ನಾನು ತವರಿಗೆ ಹೋಗಿದ್ದೆ. ಹಪ್ಪಳ ಒಣಗಿಸುವ ಗಡಿಬಿಡಿಯಲ್ಲಿ ಯಾರೋ ಡಬ್ಬಿ ಕೆಳಗಿಟ್ಟಿದ್ದರು. ಆ 'ಯಾರೋ' ನಾನೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅಣ್ಣನ ಮೂರು ವರ್ಷದ ಮಗಳು ತೆಂಗಿನ ಕರಟದಲ್ಲಿ ಅಡುಗೆ ಆಟ ಆಡುತ್ತ, ಆ ಪುಡಿಯಲ್ಲೇ ಹಿಟ್ಟು ಕಲಸಿ, ತಾನೂ ಉಂಡಳು.

ಮೊದಲು ವಾಂತಿ, ಆಮೇಲೆ ಕೈಕಾಲು ಸೆಟೆದು ಬಂತು. ಕಟ್ಟಿಗೆ ಲಾರಿಯಲ್ಲಿ ಕೂರಿಸಿಕೊಂಡು ಹಳಿಯಾಳಕ್ಕೆ ಓಡಿದೆವು. ಡಾಕ್ಟರು ಕೇಳಿದ್ದು ಒಂದೇ: "ಏನು ತಿಂದಳು?" ವೈನಿ ಸೆರಗಿನಲ್ಲಿ ಸುತ್ತಿ ತಂದಿದ್ದ ಡಬ್ಬಿಯನ್ನು ಮುಂದಿಟ್ಟರು. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದರ ಮೇಲೆ ಬರೆದದ್ದು ಡಾಲ್ಡಾ. ಅಣ್ಣ ಹೊಲದಲ್ಲಿದ್ದ. ಪುಡಿಯ ಹೆಸರು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. "ಸರಕಾರದ ಪುಡಿ" ಎಂದೆ. ಅಷ್ಟು ಓದಿದ ನನ್ನ ಬಾಯಿಂದ ಬಂದದ್ದು ಅಜ್ಜಿಯ ಮಾತು! ಸೈಕಲ್ ಮೇಲೆ ಹೋದ ಹುಡುಗ ಅಣ್ಣನನ್ನು ಕೇಳಿ ಹೆಸರು ತರುವವರೆಗಿನ ಆ ಹೊತ್ತನ್ನು ನಾನು ಇಂದಿಗೂ ಮರೆತಿಲ್ಲ. ಮಗು ಉಳಿಯಿತು. ಆ ಪುಡಿಯನ್ನು ಸರಕಾರ 1997ರಲ್ಲಿ ನಿಷೇಧಿಸಿತು. ನಮ್ಮ ವೈನಿ ಇಪ್ಪತ್ತೊಂದು ವರ್ಷ ಮೊದಲೇ ನಿಷೇಧಿಸಿದ್ದರು.

ಅಂದಿನಿಂದ ನನ್ನ ಮನೆಯಲ್ಲಿ ಕೆಲವು ಕಟ್ಟಳೆಗಳಿವೆ. ತಿನ್ನುವ ವಸ್ತುವಿನ ಡಬ್ಬಿಗೆ ತಿನ್ನದ ವಸ್ತು ಹಾಕುವುದಿಲ್ಲ. ಫಿನೈಲನ್ನು ಪಾನಕದ ಬಾಟಲಿಗೆ ಬಗ್ಗಿಸುವುದಿಲ್ಲ. ವಿಷ ತಂದ ಡಬ್ಬಿಯನ್ನು ಎಷ್ಟು ತೊಳೆದರೂ ಒಳಗೆ ಕರೆದುಕೊಳ್ಳುವುದಿಲ್ಲ. ಬ್ಲೀಚಿಂಗ್ ಪೌಡರ್ ಮತ್ತು ಪಾಯಿಖಾನೆಯ ಆಸಿಡ್ ಎಂದೂ ಕೂಡಬಾರದು, ಕೂಡಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಗಾಳಿ ಏಳುತ್ತದೆ. ಬಾಣಂತಿಯ ಕೋಣೆಗೆ, ಕೂಸಿನ ಬಟ್ಟೆಗೆ ನುಸಿಗುಳಿಗೆ ಬೇಡ. ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಕೊರತೆ ಇರುವ ಕೂಸುಗಳಿಗೆ ಅದರ ವಾಸನೆಯಿಂದಲೇ ರಕ್ತಕಣ ಒಡೆದು ಕಾಮಾಲೆ ಆಗಬಹುದು. ಸೊಳ್ಳೆ ಸುರುಳಿಗಿಂತ ಸೊಳ್ಳೆ ಪರದೆ ಮೇಲು. ಒಂದು ಸುರುಳಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣಗಳ ಹೊಗೆ ಬರುತ್ತದೆಂದು 2003ರ ಒಂದು ಅಧ್ಯಯನ ಹೇಳಿದೆ.

ಕಾಳುಕಡಿಯ ವಿಷಯದಲ್ಲಿ ನನಗೆ ಗುರು ಜೋಯಿಡಾ ಕಡೆಯ ನಮ್ಮ ಅತ್ತೆ. ಬೀಜದ ಕಾಳಿಗೆ ಒಲೆಯ ಬೂದಿ, ತೊಗರಿಬೇಳೆಗೆ ತುಸು ಹರಳೆಣ್ಣೆ ಸವರಿ ಬಿಸಿಲು, ಅಕ್ಕಿಗೆ ಒಣಗಿಸಿದ ಬೇವಿನೆಲೆ. ಹಾಗೆಂದು ಹಳೆಯದೆಲ್ಲ ಅಮೃತ ಎಂದು ನಾನು ಹೇಳಲಾರೆ. ಅತ್ತೆಯವರು ಸೊಳ್ಳೆಗೆ ಲಕ್ಕಿ ಸೊಪ್ಪಿನ ಹೊಗೆ ಹಾಕಿದರೆ ಮನೆಯ ಕೂಸೆಲ್ಲ ಕೆಮ್ಮುತ್ತಿದ್ದವು. ಅಜ್ಜಿಯ ಮೂರು ಮಕ್ಕಳು ಸತ್ತದ್ದು ಡಿ.ಡಿ.ಟಿ. ಇಲ್ಲದ ಕಾಲದಲ್ಲಿಯೇ. ಆ ಪುಡಿ ಬಾರದಿದ್ದರೆ ನಮ್ಮವ್ವ ಉಳಿಯುತ್ತಿದ್ದಳೋ, ನಾನು ಹುಟ್ಟುತ್ತಿದ್ದೆನೋ! ಅದಕ್ಕೆ ನಾನು ಋಣಿ. ಆದರೆ ಗೋಡೆಯ ಮದ್ದು ಗೋಡೆಗೇ ಇರಬೇಕಿತ್ತು. ಅದು ಯಾವುದಕ್ಕೆ, ಎಷ್ಟು, ಎಲ್ಲಿಯವರೆಗೆ ಎಂಬ ಮಾತನ್ನು ಅಜ್ಜಿಗೆ ಯಾರೂ ಕೂತು ಹೇಳಲಿಲ್ಲ. ಹೇಳಿದ್ದು 'ಸಾರಿಸಬೇಡಿ' ಎಂದಷ್ಟೇ.

ಅಣ್ಣನ ಮಗಳು ಈಗ ಮುಂಡಗೋಡದಲ್ಲಿದ್ದಾಳೆ, ಮೊಮ್ಮಕ್ಕಳನ್ನು ಕಂಡಿದ್ದಾಳೆ. ಅವಳಿಗೆ ಆ ದಿನದ ನೆನಪಿಲ್ಲ. ಹೋದ ಸಲ ಹೋದಾಗ ನೋಡಿದೆ: ಅವಳ ಅಡುಗೆಮನೆಯ ಪ್ರತಿ ಡಬ್ಬಿಗೂ ಚೀಟಿ ಅಂಟಿಸಿದೆ, ಸಕ್ಕರೆ ಡಬ್ಬಿಗೂ. "ಸಕ್ಕರಿಗೂ ಚೀಟಿ ಯಾಕವ್ವಾ? ನೋಡಿದ್ರ ತಿಳೀತದಲ್ಲ" ಎಂದೆ. "ಬಿಳೇದು ಅಂದ ಕೂಡಲೆ ಸಕ್ಕರಿ ಅಂತ ನಂಬಬಾರದು ಅಂತ ಅವ್ವ ಹೇಳ್ಯಾಳ, ಅತ್ತಿ" ಎಂದಳು. ನಾನು ಸುಮ್ಮನೆ ಚಹಾ ಕುಡಿದೆ.