ಕಣ್ಣು ಕೊಟ್ಟ ಸುಳಿವು, ಕೊರಳಿನ ಶಸ್ತ್ರಚಿಕಿತ್ಸೆ

ಕಣ್ಣಿಗೂ ಕೊರಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೊಳೆಯಲಾರದು. ಆ ಸಂಬಂಧವನ್ನು ವೈದ್ಯರು ಅರಿತುಕೊಂಡ ಬಗೆ ಚರಿತ್ರೆಯ ಒಂದು ಸ್ವಾರಸ್ಯಕರ ಅಧ್ಯಾಯ.

ಕುತ್ತಿಗೆಯ ಎರಡೂ ಪಕ್ಕಗಳಲ್ಲಿ ಕೆರೋಟಿಡ್ ಎಂಬ ಅಪಧಮನಿಗಳಿವೆ. ಇವು ದವಡೆಯ ಕೆಳಗೆ ಕವಲೊಡೆಯುತ್ತವೆ. ಒಳಗಿನ ಕವಲು ಮಿದುಳಿಗೆ ಸಾಗುತ್ತಾ, ದಾರಿಯಲ್ಲಿ ಅದೇ ಪಕ್ಕದ ಕಣ್ಣಿಗೂ ಒಂದು ಶಾಖೆಯನ್ನು ಕೊಡುತ್ತದೆ. ಕವಲಿನಲ್ಲಿ ಕೊಬ್ಬು ಶೇಖರವಾದರೆ ನಾಳ ಕಿರಿದಾಗುತ್ತದೆ. ಅಲ್ಲಿಂದ ಕಳಚಿದ ಚೂರುಗಳು ಕಣ್ಣನ್ನೋ ಮಿದುಳನ್ನೋ ಸೇರುತ್ತವೆ.

ಕೆನಡಾದ ವೈದ್ಯ ಸಿ. ಮಿಲ್ಲರ್ ಫಿಶರ್ ಅವರಿಗೆ ಒಬ್ಬ ರೋಗಿ ವಿಚಿತ್ರವಾದ ಸಂಗತಿಯೊಂದನ್ನು ತಿಳಿಸಿದನು. ಅವನಿಗೆ ಪಾರ್ಶ್ವವಾಯು ಬಡಿದದ್ದು ಎಡಭಾಗಕ್ಕೆ. ಅದಕ್ಕೆ ಮುನ್ನ ಆಗಾಗ ಕತ್ತಲೆ ಕವಿದದ್ದು ಬಲಗಣ್ಣಿಗೆ! ಶರೀರದ ಎಡಭಾಗವನ್ನು ಆಳುವುದು ಬಲಮಿದುಳು. ಬಲಮಿದುಳಿಗೂ ಬಲಗಣ್ಣಿಗೂ ರಕ್ತ ಬರುವುದು ಒಂದೇ ನಾಳದಿಂದ. ದೋಷದ ಮೂಲ ಕೊರಳಿನಲ್ಲಿದೆಯೆಂದು ಫಿಶರ್ ತರ್ಕಿಸಿದರು. 1951ರ ಲೇಖನದಲ್ಲಿ, ಮುಂದೊಂದು ದಿನ ಇದಕ್ಕೆ ಶಸ್ತ್ರಚಿಕಿತ್ಸೆ ಬರಬಹುದೆಂದೂ ಸೂಚಿಸಿದರು.

ಆ ದಿನ ದೂರವಿರಲಿಲ್ಲ. 1953ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೈಕೇಲ್ ಡಿಬೇಕಿ ಅವರು ನಾಳವನ್ನು ತೆರೆದು ಕೊಬ್ಬಿನ ಪದರವನ್ನು ತೆಗೆದರು. ಆದರೆ ಆ ವಿವರವನ್ನು ಪ್ರಕಟಿಸಿದ್ದು 1975ರಲ್ಲಿ. ಜಗತ್ತಿನ ಗಮನ ಸೆಳೆದದ್ದು 1954ರ ಮೇ 19ರಂದು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ನಡೆದ ಶಸ್ತ್ರಚಿಕಿತ್ಸೆ. 66 ವರ್ಷದ ಆ ಮಹಿಳೆಗೆ ಕೆಲವೇ ತಿಂಗಳಲ್ಲಿ 33 ಬಾರಿ ಇಂಥ ಆಘಾತಗಳಾಗಿದ್ದವು: ಬಲಗೈ ಬಲಗಾಲು ಸೋಲುವುದು, ಮಾತು ತೊಡರುವುದು, ಎಡಗಣ್ಣು ಕತ್ತಲಾಗುವುದು. ಈಸ್ಟ್‌ಕಾಟ್ ಮತ್ತು ರಾಬ್ ಅವರು ಮಿದುಳಿನ ರಕ್ಷಣೆಗಾಗಿ ಆಕೆಯ ಶರೀರವನ್ನು ತಂಪುಗೊಳಿಸಿ, ಕೆಟ್ಟ ಭಾಗವನ್ನು ಕತ್ತರಿಸಿ ತುದಿಗಳನ್ನು ಜೋಡಿಸಿದರು. ಆಘಾತಗಳು ನಿಂತವು.

ಈ ಚಿಕಿತ್ಸೆಯಿಂದ ನಿಜವಾಗಿ ಪ್ರಯೋಜನವುಂಟೇ ಎಂಬ ಚರ್ಚೆ ಮಾತ್ರ ಬಹುಕಾಲ ನಡೆಯಿತು. ಶಸ್ತ್ರಚಿಕಿತ್ಸೆಯೇ ಕೆಲವರಿಗೆ ಪಾರ್ಶ್ವವಾಯು ತರುವುದುಂಟು. 1991ರಲ್ಲಿ ಉತ್ತರ ಅಮೆರಿಕದ ಅಧ್ಯಯನವೊಂದು ಉತ್ತರ ನೀಡಿತು. ಲಕ್ಷಣಗಳು ಕಾಣಿಸಿಕೊಂಡು, ನಾಳ ಶೇಕಡ 70ಕ್ಕಿಂತ ಹೆಚ್ಚು ಕಿರಿದಾಗಿದ್ದವರಲ್ಲಿ, ಎರಡು ವರ್ಷಗಳೊಳಗೆ ಅದೇ ಪಕ್ಕದ ಮಿದುಳಿಗೆ ಆಘಾತವಾಗುವ ಸಂಭವ ಔಷಧವನ್ನಷ್ಟೇ ಪಡೆದವರಿಗೆ ಶೇಕಡ 26. ಶಸ್ತ್ರಚಿಕಿತ್ಸೆಯೂ ಆದವರಿಗೆ ಶೇಕಡ 9.

ಇನ್ನು ದೃಷ್ಟಿಯ ಮಾತು. ನಾಳ ಬಹಳ ಕಿರಿದಾದಾಗ ಕೆಲವರಲ್ಲಿ ಕಣ್ಣಿನ ಅಪಧಮನಿಯ ರಕ್ತ ಹಿಮ್ಮುಖವಾಗಿ ಹರಿಯುತ್ತದೆ; ಚಿಕಿತ್ಸೆಯ ಬಳಿಕ ಸಾಮಾನ್ಯವಾಗಿ ಮತ್ತೆ ಮುಮ್ಮುಖವಾಗುತ್ತದೆ. ಆದರೆ ಅಕ್ಷಿಪಟಲ ಸತ್ತು ಹೋದ ದೃಷ್ಟಿ ಮರಳುವುದಿಲ್ಲ. ಈ ಚಿಕಿತ್ಸೆ ಮುಖ್ಯವಾಗಿ ಮುಂದಿನ ಅನಾಹುತವನ್ನು ತಡೆಯುವಂಥದು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರೀಗ ಐವತ್ತು ದಾಟಿದ್ದೀರಿ. ಒಂದು ಕಣ್ಣಿಗೆ ತೆರೆ ಇಳಿದಂತಾಗಿ ಕೆಲವು ನಿಮಿಷಗಳಲ್ಲಿ ಸರಿಹೋದರೆ, 'ಸದ್ಯ, ಹೋಯಿತು' ಎಂದು ಸುಮ್ಮನಿರಬೇಡಿ; ಕನ್ನಡಕ ಬದಲಿಸಲೂ ಹೊರಡಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.