ಅಟ್ಟದ ಮೇಲಿನ ತವಾಕ್ಕೆ ವಯಸ್ಸೆಷ್ಟು?



ಇತಿಹಾಸವೆಂದರೆ ಶಾಸನ, ಕೋಟೆ, ಗೋಲಗುಮ್ಮಟ ಎಂದಷ್ಟೇ ತಿಳಿಯುವ ಅಭ್ಯಾಸ ನಮ್ಮಲ್ಲಿದೆ. ವಿಜಯಪುರ ಜಿಲ್ಲೆಯವರಿಗಂತೂ ಅದು ಸಹಜವೇ. ಇಂಗಳೇಶ್ವರಕ್ಕೆ ಹೋದವರು ವಚನಗಳನ್ನು ಕಲ್ಲಿನಲ್ಲಿ ಕೊರೆಸಿದ ಶಿಲಾಮಂಟಪವನ್ನು ನೋಡಿಕೊಂಡು ಬರುತ್ತಾರೆ. ಈ ಸಲ ನಾನು ಆ ಊರಿನಲ್ಲಿ ನೋಡಿ ಬಂದದ್ದು ನಮ್ಮ ಚಿಗವ್ವನ ಮನೆಯ ಅಟ್ಟವನ್ನು. ಅಲ್ಲಿ ಒಂದು ಹಿತ್ತಾಳೆಯ ಕೊಡವಿತ್ತು, ಅದರ ಕಂಠದ ಮೇಲೆ ಕೊಟ್ಟವರ ಹೆಸರು, ಮದುವೆಯ ತಾರೀಖು ಎರಡನ್ನೂ ಕೊರೆದಿದ್ದರು. ಪಕ್ಕದಲ್ಲಿ ರಟ್ಟಿನ ಡಬ್ಬಿಯೊಳಗೆ ಒಂದು ನಾನ್‌ಸ್ಟಿಕ್ ತವಾ. ಅದರ ಮೇಲೆ ಹೆಸರೂ ಇಲ್ಲ, ತಾರೀಖೂ ಇಲ್ಲ. ನಡುವೆ ಅಂಗೈಯಗಲ ಕಪ್ಪು ಲೇಪ ಎದ್ದುಹೋಗಿ ಅಲ್ಯುಮಿನಿಯಂ ಕಾಣುತ್ತಿತ್ತು.

ಕಾಲೇಜಿನಲ್ಲಿ ಓದುವ ಚಿಗವ್ವನ ಮೊಮ್ಮಗಳು ಕೇಳಿದಳು: “ಕಾಕಾ, ಇದು ಯಾವ ಕಾಲದ್ದು? ಗ್ಯಾರಂಟಿ ಇನ್ನೂ ನಡೀತೈತೇನು?” ಎರಡನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲನೆಯದನ್ನು ಬಿಡಿಸಲೇಬೇಕು.

ತೇದಿಯಿಲ್ಲದ ಶಾಸನ ಸಿಕ್ಕಾಗ ವಿದ್ವಾಂಸರು ಏನು ಮಾಡುತ್ತಾರೆ? ಲಿಪಿಯ ರೂಪ, ಅರಸನ ಹೆಸರು, ಊರಿನ ಹೆಸರು ಇವುಗಳಿಂದ ಕಾಲವನ್ನು ಊಹಿಸುತ್ತಾರೆ. ನಾವೂ ಡಬ್ಬಿಯನ್ನು ಹಾಗೆಯೇ ಓದಿದೆವು. ವಿಳಾಸದಲ್ಲಿ ಪಿನ್ ಕೋಡ್ ಇತ್ತು. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಬೆಲೆಯ ಮುಂದೆ ‘ಎಲ್ಲ ತೆರಿಗೆಗಳೂ ಸೇರಿ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು; ಹೀಗೆ ಅಚ್ಚು ಹಾಕುವುದು ಕಡ್ಡಾಯವಾದದ್ದು 1990ರ ತಿದ್ದುಪಡಿಯಿಂದ, ಅದಕ್ಕೆ ಮೊದಲು ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಬರೆದು ಅಂಗಡಿಯವರು ತಮಗೆ ತೋಚಿದಷ್ಟು ಸೇರಿಸುವುದಿತ್ತು. ಊರಿನ ಹೆಸರು ‘ಬಾಂಬೆ’ ಎಂದಿತ್ತು. ಅದು ಮುಂಬೈ ಆದದ್ದು 1995ರಲ್ಲಿ. ಅಂದಮೇಲೆ ತವಾ 1990ರಿಂದ 1995ರ ನಡುವಿನದು. ಒಂದು ಎಚ್ಚರಿಕೆ: ಹೆಸರು ಬದಲಾದ ಕೂಡಲೇ ಕಾರ್ಖಾನೆಯವರು ಹಳೆಯ ಡಬ್ಬಿಗಳನ್ನು ಸುಡುವುದಿಲ್ಲ. ಆದ್ದರಿಂದ ಕೊನೆಯ ಗಡಿಯನ್ನು ಒಂದೆರಡು ವರ್ಷ ಸಡಿಲ ಬಿಡಬೇಕು.

ನಿಮ್ಮ ಮನೆಯ ಪಾತ್ರೆಗೂ ಇದೇ ಕ್ರಮ ಸಲ್ಲುತ್ತದೆ. ಅಂಗಡಿಯ ಮುದ್ರೆಯಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದು 1973ಕ್ಕಿಂತ ಹಳೆಯದು. ‘ವಿಜಯಪುರ’ ಎಂದಿದ್ದರೆ 2014ರ ನವೆಂಬರ್‌ನಿಂದ ಈಚಿನದು, ಅದಕ್ಕೆ ಮೊದಲು ಸರ್ಕಾರಿ ಹೆಸರು ಬಿಜಾಪುರವೇ. ಟೆಫ್ಲಾನ್ ಎಂಬ ಹೆಸರಿನ ಜೊತೆಗೆ ಡುಪಾಂಟ್ ಎಂದಿದ್ದರೆ ಬಹುಪಾಲು 2015ರ ಹಿಂದಿನದು. ಆ ವರ್ಷ ಹೆಸರಿನ ಹಕ್ಕು ಕೆಮೋರ್ಸ್ ಎಂಬ ಬೇರೆ ಕಂಪನಿಗೆ ಹೋಯಿತು.

ಆ ಕಪ್ಪು ಲೇಪದ ಕಥೆಯೂ ಸ್ವಾರಸ್ಯದ್ದು. 1938ರ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ರಾಯ್ ಪ್ಲಂಕೆಟ್ ಎಂಬ ಇಪ್ಪತ್ತೇಳರ ರಸಾಯನಶಾಸ್ತ್ರಜ್ಞ ತಂಪು ಪೆಟ್ಟಿಗೆಗಳಿಗೆ ಬೇಕಾದ ಅನಿಲಗಳ ಮೇಲೆ ಕೆಲಸ ಮಾಡುತ್ತಿದ್ದ. ಅನಿಲ ತುಂಬಿದ್ದ ಸಿಲಿಂಡರಿನ ತಿರುಪು ತೆರೆದರೆ ಏನೂ ಬರಲಿಲ್ಲ. ತೂಗಿ ನೋಡಿದರೆ ತೂಕ ಮಾತ್ರ ಹಾಗೆಯೇ ಇತ್ತು. ಗರಗಸದಿಂದ ಕೊಯ್ದಾಗ ಒಳಗೆ ಬಿಳಿಯ ಮೇಣದಂಥ ಪುಡಿ. ಅದೇ ಪಾಲಿಟೆಟ್ರಾಫ್ಲೂರೋಎಥಿಲೀನ್. ಅಡುಗೆಮನೆಗೆ ಬರುವ ಮುಂಚೆ ಅದು ಅಣುಬಾಂಬಿನ ಕಾರ್ಖಾನೆಯಲ್ಲಿ ಯುರೇನಿಯಂ ಅನಿಲ ಹಾಯುವ ಕೊಳವೆಗಳಿಗೆ ಬಳಕೆಯಾಯಿತು. 1954ರಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅದನ್ನು ಅಲ್ಯುಮಿನಿಯಂಗೆ ಹಿಡಿಸುವ ಬಗೆ ಕಂಡುಕೊಂಡ. ಬಾಣಲೆಗೆ ಬಳಿಯಿರಿ ಎಂದು ಸೂಚಿಸಿದವಳು ಅವನ ಹೆಂಡತಿ ಕೊಲೆಟ್. 1956ರಲ್ಲಿ ಟೆಫಾಲ್ ಕಂಪನಿ ಹುಟ್ಟಿತು.

ನಮ್ಮ ದೇಶದಲ್ಲಿ ಇದನ್ನು ಮೊದಲಿಗೆ ಮನೆಮನೆಗೆ ತಂದದ್ದು ಔರಂಗಾಬಾದಿನಲ್ಲಿ 1968ರಲ್ಲಿ ಆರಂಭವಾದ ನಿರ್ಲೇಪ್. ಲೇಪವೇ ಇಲ್ಲದ್ದು ಎಂಬ ಅರ್ಥದ ಹೆಸರು. ತವಾದ ಗುಣವೆಲ್ಲ ಇರುವುದು ಮಾತ್ರ ಲೇಪದಲ್ಲಿ!

ಲೇಪವೇನೂ ನಮಗೆ ಹೊಸದಲ್ಲ. ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದೆವು. ಕಲಾಯಿಗಾರ ತಿದಿ ಒತ್ತಿ ಪಾತ್ರೆ ಕಾಯಿಸಿ, ನವಸಾಗರ ಹಾಕಿ, ಕರಗಿದ ತವರವನ್ನು ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಬಣ್ಣ. ಅದು ಸವೆದರೆ ಹುಳಿ ಪದಾರ್ಥಕ್ಕೆ ಕಿಲುಬು ಬಿಡುತ್ತಿತ್ತು, ಮತ್ತೆ ಹಾಕಿಸಬೇಕಾಗಿತ್ತು. ಕಲಾಯಿಗೆ ಮುಗಿತಾಯವಿದೆ ಎಂಬುದು ಹಾಕುವವನಿಗೂ ಗೊತ್ತು, ಹಾಕಿಸುವವರಿಗೂ ಗೊತ್ತು. ಹೊಸ ತವಾ ಮಾರುವಾಗ ಈ ಮಾತನ್ನು ಚಿಕ್ಕ ಅಕ್ಷರಗಳಿಗೆ ಬಿಟ್ಟರು.

ಆ ಚಿಕ್ಕ ಅಕ್ಷರಗಳೇ ಚಿಗವ್ವನಿಗೆ ಮುಳುವಾದವು. ಗ್ಯಾರಂಟಿ ಚೀಟಿ ಡಬ್ಬಿಯಲ್ಲೇ ಇತ್ತು. ತವಾ ಖಾಲಿ ಕಾಯಿಸಬಾರದು, ಉರಿ ಸಣ್ಣದಿರಬೇಕು, ಲೋಹದ ಚಮಚ ತಾಗಿಸಬಾರದು, ತಪ್ಪಿದರೆ ಗ್ಯಾರಂಟಿ ಇಲ್ಲ, ಎಲ್ಲವೂ ಇಂಗ್ಲಿಷಿನಲ್ಲಿ. ಜೋಳದ ರೊಟ್ಟಿಯ ವಿಧಾನ ನಿಮಗೆ ತಿಳಿದದ್ದೇ. ಹಂಚು ಖಾಲಿಯಾಗಿಯೇ ಚೆನ್ನಾಗಿ ಕಾಯಬೇಕು, ಆಮೇಲೆ ರೊಟ್ಟಿ ಹಾಕಿ ಮೇಲೆ ನೀರು ಸವರಬೇಕು. ಅಂದರೆ ಚೀಟಿ ಯಾವುದನ್ನು ಬೇಡವೆನ್ನುತ್ತದೆಯೋ ಅದೇ ನಮ್ಮ ನಿತ್ಯದ ಅಡುಗೆ. ಖಾಲಿ ತವಾ ಜೋರು ಉರಿಯಲ್ಲಿ ಕೆಲವೇ ನಿಮಿಷಗಳಲ್ಲಿ 260 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಅಲ್ಲಿಂದ ಲೇಪ ಕೆಡತೊಡಗುತ್ತದೆ. 350 ಡಿಗ್ರಿ ಸಮೀಪಿಸಿದರೆ ಹೊಮ್ಮುವ ಹೊಗೆ ಪಂಜರದ ಪಕ್ಷಿಗಳನ್ನು ಕೊಲ್ಲುವಷ್ಟು ಕೆಟ್ಟದ್ದು.

ಲೇಪ ಎದ್ದಾಗ ಚಿಗವ್ವ ಅಂಗಡಿಗೆ ಹೋದಳು. ಅಂಗಡಿಯವರು ಚೀಟಿ ತೋರಿಸಿ, “ಅವ್ವಾರ, ಖಾಲಿ ಕಾಸಬಾರದಂತ ಇಲ್ಲೇ ಬರ್ದಾರಲ್ರೀ” ಅಂದರು. “ಹಂಚು ಕಾಯ್ಲಾರದ ರೊಟ್ಟಿ ಹೆಂಗ ಉಬ್ಬತೈತೊ ತಮ್ಮಾ?” ಅಂದಳು ಚಿಗವ್ವ. ವಾದ ಅಲ್ಲಿಗೇ ನಿಂತಿತು.

ಕಾನೂನು ಯಾರ ಪರ? 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನಲ್ಲಿ ಒಂದು ಮಾತಿದೆ: ಇಂಥ ಕೆಲಸಕ್ಕೆ ಬೇಕೆಂದು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡರೆ ವಸ್ತು ಆ ಕೆಲಸಕ್ಕೆ ಒದಗಲೇಬೇಕು. ‘ರೊಟ್ಟಿ ಮಾಡಾಕ ಬೇಕು’ ಎಂದು ಕೇಳಿ ತಂದವರಿಗೆ ಇದು ಬಲವಾದ ಆಸರೆ. ಆದರೆ ಹಿಂದೆಯೇ ಒಂದು ವಿನಾಯಿತಿ: ವ್ಯಾಪಾರಿ ಹೆಸರು ಹೇಳಿ ಕೊಂಡ ವಸ್ತುವಿಗೆ ಈ ಭರವಸೆ ತಾನಾಗಿ ಅಂಟುವುದಿಲ್ಲ. ಜಾಹೀರಾತು ನೋಡಿ ಬ್ರ್ಯಾಂಡಿನ ಹೆಸರು ಹಿಡಿದು ಕೇಳಿದವನಿಗಿಂತ ಏನೂ ಅರಿಯದೆ ಕೇಳಿದವನೇ ಇಲ್ಲಿ ಜಾಣ! 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಿಲ್ಲಾ ವೇದಿಕೆಗಳನ್ನು ಕೊಟ್ಟಿತು. 1993ರ ತಿದ್ದುಪಡಿ ದೂರಿಗೆ ಎರಡು ವರ್ಷದ ಮಿತಿ ಹಾಕಿತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಕಾಯ್ದೆಯಲ್ಲೂ ಆ ಮಿತಿ ಉಳಿದಿದೆ. ಆದರೆ ಈಗ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇಂಗಳೇಶ್ವರದವರು ಕಂಪನಿಯ ಊರು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಹೀಗಾಗಿ ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟು: ಚೀಟಿಯ ಅವಧಿ ಎಂದೋ ತೀರಿದೆ, ದೂರಿನ ಅವಧಿಯೂ ತೀರಿದೆ. ಗ್ಯಾರಂಟಿಯ ಅವಧಿ ಎಣಿಸುವುದು ಕೊಂಡ ದಿನದಿಂದ, ದೂರಿನದು ದೂರಿಗೆ ಕಾರಣ ಹುಟ್ಟಿದ ದಿನದಿಂದ; ಕೊಂಡದ್ದಕ್ಕೆ ಸಾಕ್ಷಿ ರಸೀದಿ. ಚಿಗವ್ವನ ಬಳಿ ಅದು ಉಳಿದಿಲ್ಲ. ಇನ್ನು ಆರೋಗ್ಯದ ಮಾತು. ಹಳೆಯ ಲೇಪಗಳ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿ.ಎಫ್.ಓ.ಎ. ಎಂಬ ರಾಸಾಯನಿಕವನ್ನು ದೊಡ್ಡ ಕಂಪನಿಗಳು 2015ರ ವೇಳೆಗೆ ಕೈಬಿಟ್ಟವು. 2019ರಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು. ಅದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಬಾಣಲೆ ಬಳಸಿದವರಿಗಲ್ಲ, ಅಮೆರಿಕದಲ್ಲಿ ಕಾರ್ಖಾನೆಯ ಸುತ್ತ ನೀರು ಕುಡಿದವರಿಗೆ. ಆದರೂ ಲೇಪ ಎದ್ದ ತವಾವನ್ನು ಒಲೆಗೆ ಏರಿಸುವುದು ಬೇಡ.

ಚಿಗವ್ವ ಅದನ್ನು ಏರಿಸಿಯೂ ಇಲ್ಲ. ಕಬ್ಬಿಣದ ಹಂಚಿನ ಮೇಲೆಯೇ ಅಂದಿನಿಂದ ರೊಟ್ಟಿ. ಮೊಮ್ಮಗಳು ಡಬ್ಬಿಯನ್ನು ತನ್ನ ಇತಿಹಾಸದ ಪ್ರಾಜೆಕ್ಟಿಗೆಂದು ಎತ್ತಿಟ್ಟುಕೊಂಡಳು. ತವಾ ಮಾತ್ರ ಹಿತ್ತಲಿಗೆ ಹೋಯಿತು, ಗುಬ್ಬಿಗಳಿಗೆ ನೀರಿಡುವುದಕ್ಕೆ.