ವರ್ತನಾ ಬದಲಾವಣೆಯ ಹಂತಗಳ ಮಾದರಿ

ವರ್ತನಾ ಬದಲಾವಣೆಯ ಹಂತಗಳ ಮಾದರಿಯು ವ್ಯಕ್ತಿಯೊಬ್ಬನು ಅಭ್ಯಾಸವೊಂದನ್ನು ಬಿಡುವ ಅಥವಾ ರೂಢಿಸಿಕೊಳ್ಳುವ ಕ್ರಮವನ್ನು ವಿವರಿಸುವ ಮನೋವಿಜ್ಞಾನದ ಸಿದ್ಧಾಂತವಾಗಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಜೇಮ್ಸ್ ಪ್ರೊಚಾಸ್ಕ ಮತ್ತು ಕಾರ್ಲೊ ಡಿಕ್ಲೆಮೆಂಟೆ ಇದನ್ನು ರೂಪಿಸಿದರು. ತಾವಾಗಿಯೇ ಧೂಮಪಾನ ಬಿಡುವವರನ್ನು ಕುರಿತ ಅವರ ಅಧ್ಯಯನವು 1983ರಲ್ಲಿ ಪ್ರಕಟವಾಯಿತು.

ಹಂತಗಳು

ಈಗ ಬಳಕೆಯಲ್ಲಿರುವ ವರ್ಗೀಕರಣದಲ್ಲಿ ಸಾಮಾನ್ಯವಾಗಿ 5 ಹಂತಗಳಿವೆ.

* ಪೂರ್ವಚಿಂತನೆ: ಬದಲಾಗುವ ಯೋಚನೆಯೇ ಇಲ್ಲದ ಸ್ಥಿತಿ.
* ಚಿಂತನೆ: 6 ತಿಂಗಳೊಳಗೆ ಬದಲಾಗುವ ಯೋಚನೆಯಿದ್ದರೂ ಮನಸ್ಸು ಹೊಯ್ದಾಡುವ ಸ್ಥಿತಿ.
* ಸಿದ್ಧತೆ: ಒಂದು ತಿಂಗಳೊಳಗೆ ಆರಂಭಿಸುವ ನಿರ್ಧಾರ.
* ಕ್ರಿಯೆ: ಬದಲಾವಣೆ ಆರಂಭವಾಗಿ 6 ತಿಂಗಳು ತುಂಬದ ಅವಧಿ.
* ನಿರ್ವಹಣೆ: 6 ತಿಂಗಳ ನಂತರವೂ ಅದನ್ನು ಉಳಿಸಿಕೊಳ್ಳುವುದು.

ಅನ್ವಯ

ನೆರವು ಹಂತಕ್ಕೆ ತಕ್ಕಂತಿರಬೇಕು ಎಂಬುದು ಈ ಮಾದರಿಯ ತಿರುಳು. ಯೋಚನೆಯೇ ಇಲ್ಲದ ಧೂಮಪಾನಿಗೆ ಮೊದಲು ಬೇಕಾದುದು ತಿಳಿವಳಿಕೆ. ಸಿದ್ಧನಾದವನಿಗೆ ಉಪದೇಶಕ್ಕಿಂತ ಬಿಡುವ ದಿನವನ್ನು ಗೊತ್ತುಪಡಿಸುವುದು, ಸಿಗರೇಟು ಮತ್ತು ಬೆಂಕಿಪೊಟ್ಟಣಗಳನ್ನು ದೂರವಿಡುವುದು, ಮನೆಯವರ ಬೆಂಬಲ ಪಡೆಯುವುದು ಹೆಚ್ಚು ಉಪಯುಕ್ತ. ಹಳೆಯ ಅಭ್ಯಾಸ ಮರುಕಳಿಸಿದರೆ ಅದನ್ನು ಸೋಲೆಂದು ಭಾವಿಸದೆ, ಹಿಂದಿನ ಹಂತವೊಂದಕ್ಕೆ ಮರಳಿ ಪುನಃ ಯತ್ನಿಸುವ ಅವಕಾಶವೆಂದು ಪರಿಗಣಿಸಲಾಗುತ್ತದೆ.

ವಿಮರ್ಶೆ

ಹಂತಗಳ ನಡುವಿನ ಕಾಲಮಿತಿಗಳು ಕೃತಕವೆಂಬ ಆಕ್ಷೇಪವಿದೆ. ಯಾವ ಸಿದ್ಧತೆಯೂ ಇಲ್ಲದೆ ಥಟ್ಟನೆ ಧೂಮಪಾನ ಬಿಟ್ಟವರೂ ಇದ್ದಾರೆ. ಬ್ರಿಟನ್ನಿನ ಮನೋವಿಜ್ಞಾನಿ ರಾಬರ್ಟ್ ವೆಸ್ಟ್ 2005ರಲ್ಲಿ ಈ ಮಾದರಿಯನ್ನೇ ಕೈಬಿಡಬೇಕೆಂದು ವಾದಿಸಿದರು.